ಅನ್ನದಾನಮ್ಮ ಹೇಳಿದ ಗಿಡ

ಏಕಾಂತಪ್ಪ ಮರ ನೋಡುವುದರಲ್ಲಿ ಪಳಗಿದ ಆಸಾಮಿ. ಕೂಡ್ಲಿಗಿ ಸುತ್ತಮುತ್ತ ಯಾವ ಹುಣಸೆ ಮರದ ಕೆಳಗೆ ನಿಲ್ಲಿಸಿದರೂ ಕತ್ತೆತ್ತಿ ಒಂದು ಸುತ್ತು ಹಾಕಿ, ಈ ಸಲ ಇದು ಎಷ್ಟು ಚೀಲ ಹಣ್ಣು ಕೊಡುತ್ತದೆ ಎಂದು ಹೇಳಿಬಿಡುತ್ತಿದ್ದ. ಕಾಯಿ ಇನ್ನೂ ಎಳೆಯದಾಗಿರುವಾಗಲೇ ಮರ ಗುತ್ತಿಗೆ ಹಿಡಿಯುವುದು, ಹಣ್ಣಾದ ಮೇಲೆ ಬಡಿದು ಉದುರಿಸಿ ಮಾರುವುದು, ನಲವತ್ತು ವರ್ಷ ಅವನು ಮಾಡಿದ್ದೇ ಈ ವ್ಯಾಪಾರ. ಅಂಥವನು ಈಗ ಹೊಸ ಮನೆಯ ಮುಂದೆ, ಎರಡಡಿ ಗುಂಡಿಯ ಪಕ್ಕ, ಯಾವ ಗಿಡ ನೆಡಬೇಕೆಂದು ತಿಳಿಯದೆ ನಿಂತಿದ್ದ. ಗುಂಡಿ ತೋಡಿಸಿ ಹದಿನೈದು ದಿನವಾಗಿತ್ತು.

ತಪ್ಪು ಅವನದೇ. ಹೆಂಡತಿ ಅನ್ನದಾನಮ್ಮ ತೀರಿಕೊಂಡ ಹನ್ನೊಂದನೇ ದಿನ ನೆಂಟರೆಲ್ಲ ಕೂತಿದ್ದಾಗ ಮಗ ಅರುಣಕುಮಾರ್, "ಅವ್ವನ ಹೆಸರಿಲೆ ಏನರ ಮಾಡ್ಬೇಕಪ್ಪ" ಎಂದ. ಏಕಾಂತಪ್ಪನ ಬಾಯಿ ಸುಮ್ಮನಿರಬೇಕಲ್ಲ. "ಹೊಸ ಮನಿ ಮುಂದ ಯಾವ ಗಿಡ ಹಚ್ಬೇಕಂತ ನಿಮ್ಮವ್ವ ನನಗ ಹೇಳ್ಯಾಳ. ವರ್ಷದ ದಿನ ಅದನ್ನ ಹಚ್ತೀನಿ" ಎಂದುಬಿಟ್ಟ. ಎಲ್ಲರೂ ಕಣ್ಣೊರೆಸಿಕೊಂಡರು. ಯಾವ ಗಿಡ ಎಂದು ಯಾರೂ ಕೇಳಲಿಲ್ಲ, ಅವನ ಪುಣ್ಯ. ಈಗ ವರ್ಷದ ದಿನಕ್ಕೆ ಉಳಿದದ್ದು ಮೂರೇ ದಿನ. ಸೋಮವಾರಕ್ಕೆ ಸ್ವಾಮಿಗಳಿಗೂ ಹೇಳಿಯಾಗಿತ್ತು.

ಅವಳು ಗಿಡದ ಮಾತೆತ್ತಿದ್ದೇನೋ ನಿಜ. ಹರಪನಹಳ್ಳಿಯಿಂದ ಇಬ್ಬರೂ ಬಸ್ಸಿನಲ್ಲಿ ಬರುತ್ತಿದ್ದರು. ಅನ್ನದಾನಮ್ಮ ಕಿಟಕಿ ಪಕ್ಕ. ಕೊಟ್ಟೂರು ದಾಟಿದ ಮೇಲೆ ರಸ್ತೆ ಬದಿಗೆ ಹುಣಸೆ ಮರಗಳು ಬಂದವು. ಏಕಾಂತಪ್ಪ ಅವಳ ಮೈಮೇಲೆ ಬೀಳುವಷ್ಟು ಬಗ್ಗಿ ಹೊರಗೆ ನೋಡುತ್ತಿದ್ದ. ಇದು ನಾಲ್ಕು ಚೀಲ, ಇದು ಆರು, ಇದರದು ಬರೀ ಎಲೆ. ಅಷ್ಟರಲ್ಲಿ ಅವಳು ಏನೋ ಅಂದಳು. ಹೊಸ ಮನೆ, ಬಾಗಿಲ ಮುಂದೆ, ಗಿಡ. ಇಷ್ಟು ಕಿವಿಗೆ ಬಿದ್ದದ್ದು ನೆನಪಿದೆ. ಇವನು "ಹೂಂ" ಎಂದ. ಅವಳು ಮತ್ತೆ ಆ ಮಾತೆತ್ತಲಿಲ್ಲ. ಎರಡು ತಿಂಗಳಿಗೆ ಎದೆನೋವು ಅಂದವಳು ಒಂದೇ ದಿನದಲ್ಲಿ ಹೋಗಿಬಿಟ್ಟಳು. ಕಟ್ಟಿಕೊಂಡವಳ ಕೊನೆಯ ಆಸೆಯನ್ನು ಹುಣಸೆಕಾಯಿ ಎಣಿಸುತ್ತಾ ಕಳೆದುಕೊಂಡನಲ್ಲ, ಪುಣ್ಯಾತ್ಮ.

ಶುಕ್ರವಾರ ಬೆಳಿಗ್ಗೆ ನರ್ಸರಿಗೆ ಹೋದ. ಕಣ್ಣಿಗೆ ಬಿದ್ದರೆ ನೆನಪಾದೀತು ಎಂಬ ಆಸೆ. ನರ್ಸರಿಯ ದುರುಗಪ್ಪ ಲೆಕ್ಕದ ಮನುಷ್ಯ.

"ಮ್ಯಾಲ ಕರೆಂಟ್ ವೈರ್ ಐತೇನ್ರಿ?"

"ಐತಿ."

"ಹಂಗಾರ ಭಾಳ ಎತ್ರ ಹೋಗೋದು ಬ್ಯಾಡ. ಗೋಡಿ ಎಷ್ಟು ದೂರ?"

"ಎಂಟಡಿ."

"ಅರಳಿ, ಬಸರಿ ಮಾತು ಬಿಡ್ರಿ, ಬೇರು ಪಾಯ ಎಬ್ಬಿಸ್ತಾವ. ಹೊಂಗಿ ಒಯ್ರಿ. ನೆಳ್ಳು ತಂಪು, ನೀರು ಕಮ್ಮಿ ಸಾಕು. ಟೊಂಗಿ ವೈರಿಗೆ ಹೋಗದಂಗ ಕಡೀತಿದ್ರಾತು."

ಮಾತು ಸರಿಯಾಗಿಯೇ ಇತ್ತು. ಆದರೆ ಏಕಾಂತಪ್ಪನಿಗೆ ಬೇಕಾದದ್ದು ಸರಿಯಾದ ಗಿಡವಲ್ಲ, ಅವಳು ಹೇಳಿದ ಗಿಡ. "ಹೊಂಗಿ ಹೆಣ್ಮಕ್ಕಳ ಮನಸಿಗೆ ಬರತೈತೇನು?" ಎಂದು ಕೇಳಿದ.

ದುರುಗಪ್ಪ ಅವನ ಮುಖ ನೋಡಿದ. "ಮನಿಯಾಗ ಅಮ್ಮಾರು ಆರಿಸ್ತಾರಂದ್ರ ಅವರನ್ನ ಕರ್ಕೊಂಡು ಬರ್ರಿ, ನೋಡಿ ಹೇಳ್ಲಿ."

ಏಕಾಂತಪ್ಪ ಆಯಿತು ಎಂದು ಹೇಳಿ ಬರಿಗೈಯಲ್ಲಿ ಬಂದ.

ಶನಿವಾರ ಹೆಂಡತಿಯ ತವರು ನೀಲಗುಂದಕ್ಕೆ ಹೋದ. ನಾದಿನಿ ಕೊಟ್ರಬಸಮ್ಮ ಮಂಡಕ್ಕಿ ಒಗ್ಗರಣೆ ಹಾಕಿ ಮುಂದಿಟ್ಟಳು. ಅಕ್ಕನಿಗೆ ಯಾವ ಗಿಡ ಇಷ್ಟವಿತ್ತು ಎಂದು ಇವನು ಮೆಲ್ಲಗೆ ಕೇಳಿದರೆ, "ಪತ್ರಿ ಗಿಡ. ಶಿವಪೂಜಿ ಬಿಟ್ರ ಬ್ಯಾರೆ ಏನಿತ್ತು ಆಕಿಗೆ?" ಎಂದಳು. ಅವನು ಸದ್ಯ ಸಿಕ್ಕಿತೆಂದು ಉಸಿರು ಬಿಟ್ಟು ಎರಡು ತುತ್ತು ತಿನ್ನುವುದರೊಳಗೆ, "ಸಣ್ಣಾಕಿ ಇದ್ದಾಗ ಸಂಪಿಗಿ ಹೂವಂದ್ರ ಜೀವ ಬಿಡ್ತಿದ್ಲು" ಎಂದಳು. ನೀರು ಕುಡಿಯುವ ಹೊತ್ತಿಗೆ ನುಗ್ಗೆಯೂ ಬಂತು, ಅರುಣಕುಮಾರನ ಬಾಣಂತನದಲ್ಲಿ ಅದರ ಸೊಪ್ಪೇ ಬೇಕೆನ್ನುತ್ತಿದ್ದಳಂತೆ.

"ಅಲ್ಲ ಮಾವ, ನಿನಗ ಹೇಳ್ಯಾಳಂತ ಅಂದಿದ್ಯಲ್ಲ?"

"ಹೇಳ್ಯಾಳ, ಹೇಳ್ಯಾಳ. ನಿನಗ ಗೊತ್ತೈತೇನಂತ ಕೇಳಿದೆ" ಎಂದು ಎದ್ದುಬಿಟ್ಟ. ಊರಿಗೆ ಬರುವಷ್ಟರಲ್ಲಿ ತಲೆಯೆಲ್ಲ ಕಲಸುಮೇಲೋಗರವಾಗಿತ್ತು. ಪತ್ರಿ ಅಂದುಕೊಂಡರೆ ಅವಳ ದನಿಯಲ್ಲೇ ಪತ್ರಿ ಎಂದು ಕೇಳಿಸುತ್ತಿತ್ತು, ಸಂಪಿಗೆ ಅಂದುಕೊಂಡರೆ ಅದೂ ಅವಳ ದನಿಯಲ್ಲೇ ಕೇಳಿಸುತ್ತಿತ್ತು.

ಭಾನುವಾರ ಕೇಳಲು ಉಳಿದವಳು ಹಮೀದಾ ಬೀ ಒಬ್ಬಳೇ. ಹಳೆಯ ಬಾಡಿಗೆ ಮನೆಯ ಪಕ್ಕದವಳು, ಮೋಟಾರ್ ರಿಪೇರಿಯ ಮಕ್ತುಂ ಸಾಬನ ಹೆಂಡತಿ. ಇಪ್ಪತ್ತೆರಡು ವರ್ಷ ಅವಳೂ ಅನ್ನದಾನಮ್ಮನೂ ಮಧ್ಯಾಹ್ನವೆಲ್ಲ ಒಂದೇ ಕಟ್ಟೆಯ ಮೇಲೆ ಕೂತು ಹಳೆ ಸೀರೆಗಳ ಕೌದಿ ಹೊಲಿದವರು. ಅವಳೆದುರು ಏಕಾಂತಪ್ಪನಿಗೆ ಸುಳ್ಳು ಹೇಳಲು ಆಗಲಿಲ್ಲ. ಬಸ್ಸು, ಕಿಟಕಿ, ಹುಣಸೆ, ಹೂಂ ಅಂದದ್ದು, ಎಲ್ಲ ಹೇಳಿಬಿಟ್ಟ.

ಹಮೀದಾ ಬೀ ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಆಕಿ ಯಾವ ಗಿಡಾನೂ ಹೇಳಿಲ್ರಿ ಅಣ್ಣಾರ. ನಿಮ್ಮನ್ನ ಕೇಳಿದ್ಲು."

"ನನ್ನನ್ನ?"

"ಹೂಂ ಮತ್ತ. ಮರುದಿನ ಇಲ್ಲೇ ಕುಂತು ಹೇಳಿದ್ಲು. ಬಾಗ್ಲ, ಬಣ್ಣ, ಅಡಿಗಿಮನಿ ಕಲ್ಲು, ಎಲ್ಲಾ ನನ್ನ ಪಸಂದೇ ಆತು, ಗಿಡ ಒಂದರ ಅವರದಾಗ್ಲಿ ಅಂತ, ನಿಮಗ ಯಾವ ಗಿಡ ಬೇಕ್ರಿ ಅಂತ ಕೇಳಿದ್ನೆವ್ವ ಅಂದ್ಲು. ಏನಂದ್ರು ಅಂತ ನಾ ಕೇಳಿದೆ. ಹೂಂ ಅಂದ್ರು ಅಂತ ನಕ್ಕಳು. ಇನ್ನೊಮ್ಮೆ ಕೇಳಿದ್ರಾತು ಅಂದ್ಲು."

ಹಮೀದಾ ಬೀ ಕೊಟ್ಟ ಚಹಾ ಆರಿಹೋಯಿತು. ಹೆಂಡತಿಯ ಆಸೆ ಮರೆತೆನೆಂದು ಏಕಾಂತಪ್ಪ ವರ್ಷವಿಡೀ ಒಳಗೊಳಗೇ ಬೆಂದಿದ್ದ. ಈಗ ನೋಡಿದರೆ ಅವಳು ಕೇಳಿದ್ದು ಇವನ ಆಸೆಯನ್ನು. ಇದು ಹಗುರಾಗುವ ಸಂಗತಿಯೋ, ಇನ್ನಷ್ಟು ಭಾರವಾಗುವ ಸಂಗತಿಯೋ ಅವನಿಗೆ ತಿಳಿಯಲಿಲ್ಲ.

ಸೋಮವಾರ ಪೂಜೆ ಮುಗಿಯಿತು. ಸ್ವಾಮಿಗಳು, ನೀಲಗುಂದದವರು, ಓಣಿಯವರು, ಎಲ್ಲರೂ ಗುಂಡಿಯ ಸುತ್ತ ನಿಂತರು. ಅರುಣಕುಮಾರ್ ಕೊಡದಲ್ಲಿ ನೀರು ತಂದಿಟ್ಟು, "ಗಿಡ ಎಲ್ಲೈತಪ್ಪ?" ಎಂದ.

ಏಕಾಂತಪ್ಪ ಹೇಳಿದ. "ನಿಮ್ಮವ್ವ ಗಿಡ ಹೇಳಿದ್ದಿಲ್ಲಪ್ಪ. ನಿಮಗ ಯಾವ್ದು ಬೇಕಂತ ನನ್ನನ್ನ ಕೇಳಿದ್ಲು. ನಾ ಕಿವಿಗೆ ಹಾಕ್ಕೊಳ್ಲಿಲ್ಲ. ನಿಮಗೆಲ್ಲ ಸುಳ್ಳು ಹೇಳಿದೆ."

ಕೊಟ್ರಬಸಮ್ಮ ಬಾಯಿಗೆ ಸೆರಗು ಹಿಡಿದಳು. ಸೊಸೆ ಭಾಗ್ಯ ಮುಂದೆ ಬಂದು ಅವನ ತೋಳು ಹಿಡಿದುಕೊಂಡು ಮೆತ್ತಗೆ ಹೇಳಿದಳು.

"ಅತ್ತಿ ಕೇಳಿದ್ದನ್ನ ಈಗ ನಾ ಕೇಳ್ತೀನ್ರಿ ಮಾವ. ನಿಮಗ ಯಾವ ಗಿಡ ಬೇಕು?"

ಏಕಾಂತಪ್ಪ ಬಾಯಿ ತೆರೆದ. ಹೊಂಗೆ ಅನ್ನಲು ಹೋದ, ಅದು ದುರುಗಪ್ಪನ ಮಾತು. ಪತ್ರಿ ಅನ್ನಲು ಹೋದ, ಅದು ಕೊಟ್ರಬಸಮ್ಮನದು. ತನ್ನದು ಯಾವುದೆಂದು ಒಳಗೆಲ್ಲ ಹುಡುಕಿದ. ಅಂಗಿಯ ಬಣ್ಣದಿಂದ ಹಿಡಿದು ರಾತ್ರಿಯ ಊಟದವರೆಗೆ, ತನಗೇನು ಇಷ್ಟವೆಂದು ನೆನಪಿಟ್ಟುಕೊಂಡವಳು ಅನ್ನದಾನಮ್ಮ ಒಬ್ಬಳೇ ಆಗಿದ್ದಳು.

"ಗೊತ್ತಾಗವಲ್ದವ್ವ" ಎಂದ. ಕಣ್ಣಲ್ಲಿ ನೀರು ತುಂಬಿ ಬಂತು. "ಆಕಿ ಇದ್ದಿದ್ರ ಆಕಿನ್ನ ಕೇಳಿ ಹೇಳ್ತಿದ್ದೆ."