ತಂಗಿಯ ಕಾರಿಗಿಂತ ಅಗಲದ ಚಕ್ರ

ಶಿಲ್ಪಶ್ರೀಗೆ ತಂಗಿಯ ಕಾರು ಕಂಡರೆ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು. ಶೈಲಜಾ ಸಂಡೂರಿನಿಂದ ಅದನ್ನು ಓಡಿಸಿಕೊಂಡು ಬಂದಳೆಂದರೆ, ಹೊಸಪೇಟೆಯ ಸಿಮೆಂಟ್ ಅಂಗಡಿಯಲ್ಲಿ ಕುಳಿತಿರುತ್ತಿದ್ದ ಅಪ್ಪ ನಾಗೇಂದ್ರಪ್ಪ ಎದ್ದು ಹೊರಗೆ ಬರುತ್ತಿದ್ದರು. ಹಳೇ ಕಾರೇ. ಶೈಲಜಾ ಅದಕ್ಕೆ ತುಸು ಅಗಲದ ಚಕ್ರ ಹಾಕಿಸಿ, ಸ್ಪ್ರಿಂಗ್ ಬದಲಿಸಿ ಕಾರಿನ ಎತ್ತರ ಒಂಚೂರು ತಗ್ಗಿಸಿದ್ದಳು.

"ಮಸ್ತ್ ಕುಂತೈತಿ ನೋಡು," ಎಂದು ಅಪ್ಪ ಬಾನೆಟ್ ಸವರುತ್ತಿದ್ದರು. ಅದೇ ಅಂಗಡಿಯನ್ನು ನಡೆಸುತ್ತಿದ್ದ ಹಿರಿಮಗಳಿಗೆ ಅಂಥ ಮಾತು ಎಂದೂ ಸಿಕ್ಕಿರಲಿಲ್ಲ.

ಅವಳೂ ತನ್ನ ಕಾರನ್ನು ಗ್ಯಾರೇಜಿಗೆ ಒಯ್ದಳು. "ನಮ್ಮ ತಂಗಿ ಕಾರಿಗಿಂತ ಚಕ್ರ ಅಗಲ ಇರ್ಬೇಕು, ಕಾರು ಇನ್ನೂ ತಗ್ಗಿರ್ಬೇಕು," ಎಂದಳು. ಗ್ಯಾರೇಜಿನವನು ಹಾಗೇ ಮಾಡಿಕೊಟ್ಟ. ಚಕ್ರಗಳು ಬಾಡಿಯಿಂದ ಆಚೆ ಬಂದವು. ಟೈರಿನ ಮೇಲೆ ಬೆರಳು ತೂರಿಸುವಷ್ಟೂ ಜಾಗ ಉಳಿಯಲಿಲ್ಲ.

ಚೋರನೂರಿನಲ್ಲಿ ಸೋದರತ್ತೆ ಬಸಕ್ಕನ ಬಸುರಿ ಸೊಸೆಗೆ ಕುಬಸದ ಶಾಸ್ತ್ರವಿತ್ತು. ಎಲ್ಲರೂ ಕೂಡಿ ಹೋಗೋಣವೆಂದು ಶೈಲಜಾ ಹಿಂದಿನ ದಿನವೇ ಬಂದಿದ್ದಳು. ಹೊರಡುವಾಗ ಅಕ್ಕನ ಕಾರನ್ನು ಸುತ್ತುಹಾಕಿ ನೋಡಿದಳು.

"ಅಕ್ಕಾ, ಹಿಂದ ಮಂದಿ ಕುಂತ್ರ ಟೈರ್ ಮ್ಯಾಲಿನ ತಗಡಿಗೆ ಉಜ್ಜತೈತಿ. ಇಷ್ಟು ತಗ್ಗು ಬ್ಯಾಡಾಗಿತ್ತು."

"ಯಾಕ, ನಿನ್ನ ಕಾರಿಗಿಂತ ಚಂದ ಕಾಣತೈತೇನು?"

ಶೈಲಜಾ ಮುಖ ಸಣ್ಣದು ಮಾಡಿಕೊಂಡು ತನ್ನ ಕಾರಿನತ್ತ ಹೋದಳು. ಅಪ್ಪ ಅಮ್ಮ ಇಬ್ಬರನ್ನೂ ಶಿಲ್ಪಶ್ರೀ ಹಟ ಮಾಡಿ ತನ್ನ ಕಾರಿನಲ್ಲೇ ಕೂರಿಸಿಕೊಂಡಳು.

ತಿರುವು ಬಂದಾಗಲೆಲ್ಲ ಹಿಂದೆ ಗರ್‌ ಗರ್ ಸದ್ದು. ಅದಿರಿನ ಲಾರಿ ಓಡಾಡಿ ಹಳ್ಳಬಿದ್ದ ರಸ್ತೆ. ಪ್ರತಿ ಕುಲುಕಿಗೂ ಅಮ್ಮ "ಶಿವನೇ" ಅನ್ನುತ್ತಿದ್ದಳು. ರಬ್ಬರ್ ಸುಟ್ಟ ವಾಸನೆ ಬಂತು. ಸಂಡೂರು ದಾಟಿದ ಮೇಲೆ ಒಂದು ರಸ್ತೆಯುಬ್ಬಿಗೆ ಕಾರಿನ ಹೊಟ್ಟೆ ಧಡ್ ಎಂದು ಬಡಿದು, ಎಂಜಿನ್ ಆಯಿಲ್ ನೆಲಕ್ಕೆ ಸುರಿಯತೊಡಗಿತು.

ಹಿಂದೆ ಬರುತ್ತಿದ್ದ ಶೈಲಜಾ ಕಾರು ನಿಲ್ಲಿಸಿದಳು. ಶಿಲ್ಪಶ್ರೀಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಇನ್ನು ಅಪ್ಪ ಆ ಕಾರು ಹತ್ತುತ್ತಾರೆ, ಆ ಕಾರನ್ನೇ ಹೊಗಳುತ್ತಾರೆ.

ಆದರೆ ಅಪ್ಪ ಬೇವಿನ ಮರದ ಬುಡದಲ್ಲಿ ಕೂತುಬಿಟ್ಟರು. "ನೀ ಅವ್ವನ್ನ ಕರಕೊಂಡು ನಡಿ, ಶೈಲಾ. ಗಾಡಿ ಎಳಿಯಾಕ ಯಾರಾರ ಬರೋತನಕ ನಾನು ಶಿಲ್ಪಾನ ಕೂಡ ಇರ್ತೀನಿ."

ಶೈಲಜಾಳ ಕಣ್ಣು ತುಂಬಿತು. ಅಕ್ಕನನ್ನು ಪಕ್ಕಕ್ಕೆ ಕರೆದಳು. "ಯಾವಾಗ್ಲೂ ಹಿಂಗ. ದಿನಾ ನಿನ್ನ ಜೊತಿಗೇ ಅಂಗಡ್ಯಾಗ ಇರ್ತಾರ, ಇಲ್ಲೂ ನಿನ್ನ ಜೊತಿಗೇ. ಕಾರು ತೋರ್ಸಾಕ ಬಂದಾಗ ಒಂದೀಟು ನನ್ನ ಕಡೆ ನೋಡ್ತಾರ, ಅಷ್ಟ."

ತಂಗಿಗೂ ತನ್ನಂತೆಯೇ ಉರಿಯುತ್ತದೆಂದು ಶಿಲ್ಪಶ್ರೀ ಎಣಿಸಿಯೇ ಇರಲಿಲ್ಲ. ತನ್ನ ಕಾರಿನ ಟೈರಿನತ್ತ ನೋಡುತ್ತ ಮೆಲ್ಲಗೆ ಕೇಳಿದಳು: "ಚಕ್ರ ಎಷ್ಟು ಅಗಲ ಇರ್ಬೇಕಿತ್ತು?"

"ಕಂಪನಿ ಕೊಟ್ಟಿದ್ದಕ್ಕಿಂತ ಅರ್ಧ ಇಂಚು ಹೆಚ್ಚು ಸಾಕಿತ್ತು. ಬಾಡಿ ಬಿಟ್ಟು ಹೊರಗ ಬರಬಾರದು. ಮಂದಿ ತುಂಬಿ, ಸ್ಟೇರಿಂಗ್ ಪೂರ್ತಿ ತಿರುವಿದ್ರೂ ಎಲ್ಲೂ ತಾಗಬಾರದು. ಎತ್ತರ ಅಂತೂ ನಮ್ಮ ರಸ್ತಿ ನೋಡಿ ಇಡಬೇಕು."

"ಗ್ಯಾರೇಜಿಗೆ ನೀನೂ ಬರ್ತೀಯೇನು?"

"ಬರ್ತೀನಿ," ಎಂದು ಶೈಲಜಾ ಮೂಗು ಒರೆಸಿಕೊಂಡಳು. "ಆದ್ರ ಅಪ್ಪನ್ನ ಕರಿಯೋದು ಬ್ಯಾಡ."