ಕೇಳುಗಿ

“ಬೆಳ್ಳುಳ್ಳಿ ಇಲ್ದಿದ್ರೆ ಅವುಕ್ಕೆ ಊಟ ಇಳೀತದೇನೇ?” ಎಂದು ಅಮ್ಮ ಮೂರನೆಯ ಸಲ ಕೇಳಿದಾಗ ಸಮತಾ ತಲೆಯೆತ್ತಲಿಲ್ಲ. ನೆನೆದ ಅವರೆಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದಳು. ಬೇಳೆ ಚಿಮ್ಮಿ ಪಾತ್ರೆಯ ಆಚೆ, ನೆಲಕ್ಕೆ ಬಿತ್ತು.

“ಇಳೀತದಮ್ಮ. ಮನೆ ಊಟ ಸಿಗ್ತದಾ ಅಂತ ಅವ್ರೇ ಕೇಳಿದ್ದು.”

“ಈರುಳ್ಳಿ ಇಲ್ಲ, ಆಲೂಗಡ್ಡೆ ಇಲ್ಲ. ಬೆಂಗಳೂರೋರು ಏನಂದ್ಕತ್ತಾರೋ.” ಅಮ್ಮ ರಾಜೀಮತಿ ಬಿದ್ದ ಬೇಳೆಯನ್ನು ಎತ್ತಿ ಸೆರಗಿಗೆ ಒರೆಸಿ ಪಾತ್ರೆಗೆ ಹಾಕಿದಳು. “ಅಲ್ಲ, ಇವ್ರು ಭಜನೆ ಮಂಡ್ಲಿಯೋರಾ?”

“ಭಜನೆ ಅಲ್ಲ. ಅವ್ರೇ ಬರ್ದು ಅವ್ರೇ ಹಾಡ್ತಾರೆ.”

“ಅಂಗಾದ್ರೆ ಒಳ್ಳೇದೇ” ಎಂದಳು ಅಮ್ಮ. ಏನು ಒಳ್ಳೆಯದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ನಾಲ್ವರ ಆ ಬ್ಯಾಂಡಿನ ಹೆಸರು ‘ತಂತಿಬೇಲಿ’. ಸಿನಿಮಾಕ್ಕೆ ಹಾಡಿದವರಲ್ಲ, ಟಿವಿಯಲ್ಲಿ ಬಂದವರಲ್ಲ. ಬೆಂಗಳೂರಿನಲ್ಲಿ ನೂರಿನ್ನೂರು ಜನ ಹಿಡಿಸುವ ಜಾಗಗಳಲ್ಲಿ ನಿಂತು ಹಾಡುವವರು. ಶನಿವಾರ ಸಂಜೆ ಹಾಸನದ ಒಂದು ಕಾಲೇಜಿನಲ್ಲಿ ಅವರ ಕಾರ್ಯಕ್ರಮ ನಿಗದಿಯಾಗಿತ್ತು. ಮಂಗಳವಾರ ಸಮತಾ ಲ್ಯಾಬಿನಲ್ಲಿ ಯಾರದೋ ರಕ್ತದ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕೂತಿದ್ದಾಗ ಡ್ರಮ್ಸ್ ನುಡಿಸುವ ಮಾನ್ಯಳ ಮೆಸೇಜು ಬಂತು: ‘ಅಕ್ಕಾ, ನಿಮ್ಮೂರು ಚನ್ನರಾಯಪಟ್ಟಣ ಅಲ್ವಾ? ಶನಿವಾರ ಅದೇ ದಾರೀಲಿ ಬರ್ತಿದೀವಿ. ನಾಲ್ಕು ಹೊಟ್ಟೆಗೆ ಮನೆ ಊಟ ಸಿಗತ್ತಾ?’ ಸಮತಾ ಅದನ್ನು ಎಷ್ಟು ಸಲ ಓದಿದಳೆಂದರೆ, ಹೊರಗೆ ಕಾಯುತ್ತಿದ್ದ ಮುದುಕರೊಬ್ಬರು ಬಾಗಿಲಲ್ಲಿ ಇಣುಕಿ, “ಏನ್ ತಾಯಿ, ರಿಪೋರ್ಟಲ್ಲಿ ಏನಾರಾ ಕೆಟ್ಟದ್ದು ಬಂದದಾ?” ಎಂದು ಕೇಳಿದರು.

ಏಳು ವರ್ಷದ ಹಿಂದೆ ಲ್ಯಾಬಿನ ತರಬೇತಿಗೆಂದು ಬೆಂಗಳೂರಿಗೆ ಹೋದವಳು, ರಾಜಾಜಿನಗರದ ಚಿಕ್ಕಮ್ಮನ ಮನೆಯಲ್ಲಿ ಸಂಜೆ ಹೊತ್ತು ಹೋಗದೆ ಸುಮ್ಮನೆ ಸುತ್ತಲು ಹೊರಟು, ಒಂದು ಕಟ್ಟಡದ ಮುಂದೆ ನಿಂತಿದ್ದಳು. ಒಳಗೆ ಗಿಟಾರು ಯಾವುದೋ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಿತ್ತು. ಟಿಕೆಟ್ಟು ತೆಗೆದುಕೊಂಡು ಒಳಗೆ ಹೋದಳು. ತನ್ನ ವಯಸ್ಸಿನವರು ಅಲ್ಲಿ ಒಬ್ಬರೂ ಇರಲಿಲ್ಲ. ಆಗ ಅವಳಿಗೆ ಮೂವತ್ತಾರು. ಎಂಟು ವರ್ಷ ಹಾಸಿಗೆ ಹಿಡಿದಿದ್ದ ಅಪ್ಪ ಹೋಗಿ ವರ್ಷವಾಗಿತ್ತು. ಆ ಎಂಟು ವರ್ಷಗಳಲ್ಲಿ ಮದುವೆಯ ಮಾತುಗಳು ಮನೆಗೆ ಬರುವುದನ್ನು ನಿಲ್ಲಿಸಿದ್ದವು. ದೀಪಗಳು ಆರಿದವು. ತೆಳ್ಳಗಿನ ಒಬ್ಬ ಹುಡುಗ ಮೈಕಿನ ಹತ್ತಿರ ಬಂದು, ಕಣ್ಣು ಮುಚ್ಚಿ, ‘ನಿಲ್ದಾಣದ ಯಂತ್ರ ನನ್ನ ತೂಕ ಬರೆದುಕೊಟ್ಟಿತು, ಚೀಟಿ ಹಿಡಿದು ನಿಂತಿದ್ದೇನೆ, ಯಾರಿಗೆ ತೋರಿಸಲಿ’ ಎಂದು ಹಾಡಿದ. ಡ್ರಮ್ಮಿನ ಪೆಟ್ಟು ಎದೆಗೂಡಿಗೆ ಬಂದು ತಾಕಿತು. ಸಮತಾ ಕತ್ತಲಲ್ಲಿ ನಿಂತು, ಅಪ್ಪ ಹೋದಾಗಲೂ ಬಾರದ ಅಳುವನ್ನು ಯಾವ ಮುಜುಗರವೂ ಇಲ್ಲದೆ ಅತ್ತಳು. ಪಕ್ಕದವರು ಕುಣಿಯುತ್ತಿದ್ದರು. ಯಾರೂ ತಿರುಗಿ ನೋಡಲಿಲ್ಲ. ಅದೇ ಅವಳಿಗೆ ಹಿಡಿಸಿದ್ದು.

ಅಲ್ಲಿಂದ ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಬೆಂಗಳೂರು. ಅಮ್ಮನಿಗೆ ‘ಚಿಕ್ಕಮ್ಮನ ನೋಡ್ಕಂಡು ಬತ್ತೀನಿ’ ಎನ್ನುವುದು, ಚಿಕ್ಕಮ್ಮನಿಗೆ ‘ಹಳೇ ಗೆಳತೀರು ಸಿಕ್ತಾರೆ’ ಎನ್ನುವುದು. ಬೇರೆ ಬ್ಯಾಂಡುಗಳನ್ನೂ ಕೇಳಿದಳು. ಕೆಲವು ಬರೀ ಗದ್ದಲ, ಕೆಲವು ಚೆನ್ನ. ತಂತಿಬೇಲಿಯದನ್ನು ಮಾತ್ರ ಒಂದೂ ಬಿಡಲಿಲ್ಲ. ಜೈನ ಮನೆತನದ ನೇಮ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಹಾಗಾಗಿ ಸಭಾಂಗಣದ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತು ಡಬ್ಬಿಯ ಚಪಾತಿ ತಿಂದು ಮುಗಿಸುತ್ತಿದ್ದಳು. ಹಾಗೆ ಕೂತಿದ್ದಾಗಲೇ ಒಮ್ಮೆ ಮಾನ್ಯ ಡ್ರಮ್ಮು ಹೊತ್ತುಕೊಂಡು ಬಂದು, “ಅಕ್ಕಾ, ಒಂದು ಕೊಡ್ತೀರಾ? ಬೆಳಿಗ್ಗೆಯಿಂದ ಏನೂ ತಿಂದಿಲ್ಲ” ಎಂದಿದ್ದಳು. ಮುಂದಿನ ಸಲದಿಂದ ಸಮತಾ ಹೆಚ್ಚು ಚಪಾತಿ ಒಯ್ಯತೊಡಗಿದಳು. ನಾಲ್ವರೂ ಮೆಟ್ಟಿಲ ಮೇಲೆ ಸುತ್ತ ಕೂತು ತಿನ್ನುತ್ತಿದ್ದರು. ಹಾಡುವ ಶಶಿಕಿರಣ್ ಹೊಸ ಹಾಡಿನ ಸಾಲನ್ನು ಗುನುಗಿ, “ಹೇಗಿದೆ ಅಕ್ಕಾ?” ಎಂದು ಕೇಳುತ್ತಿದ್ದ. ಅವಳು ಯೋಚಿಸಿ ಹೇಳುತ್ತಿದ್ದಳು. ಒಮ್ಮೆ ಅವಳು ಬೇಡವೆಂದ ಪದವನ್ನು ಅವನು ನಿಜವಾಗಿಯೂ ಬಿಟ್ಟುಬಿಟ್ಟಿದ್ದ. ಆ ಸಲ ಊರಿಗೆ ಮರಳುವಾಗ ಬಸ್ಸಿನಲ್ಲಿ ಉದ್ದಕ್ಕೂ ಅವಳಿಗೆ ನಿದ್ದೆ ಹತ್ತಿರಲಿಲ್ಲ.

ಶನಿವಾರ ಒಂದು ಗಂಟೆಗೆ ಸರಿಯಾಗಿ ಬಿಳಿ ವ್ಯಾನು ಬೀದಿಯೊಳಗೆ ಬಂತು. ಎದುರು ಮನೆಯ ಕಾಮಾಕ್ಷಮ್ಮ ಹಪ್ಪಳ ಒಣಗಿಹಾಕುವುದನ್ನು ಬಿಟ್ಟು ಬಂದು ನಿಂತಳು. ಉದ್ದ ಕೂದಲಿನ ಇಬ್ಬರು, ಮೂಗಿಗೂ ಹುಬ್ಬಿಗೂ ಉಂಗುರ ಚುಚ್ಚಿಸಿಕೊಂಡ ಮಾನ್ಯ, ಕಪ್ಪು ಅಂಗಿಯ ತೆಳ್ಳಗಿನ ಶಶಿಕಿರಣ್ ಒಬ್ಬೊಬ್ಬರಾಗಿ ಇಳಿದರು.

“ಏನ್ ರಾಜೀಮತಮ್ಮಾ, ಸೂಟಿಂಗಾ?”

“ನಮ್ಮ ಸಮತಾನ ಸ್ನೇಯಿತ್ರು ಕಣಮ್ಮ, ಬೆಂಗ್ಳೂರಿಂದ ಬಂದವ್ರೆ” ಎಂದಳು ಅಮ್ಮ. ಅವಳ ದನಿಯಲ್ಲಿ ಹೆಮ್ಮೆಯಿತ್ತು. ಒಳಗಿದ್ದ ಸಮತಾಳಿಗೆ ಕಣ್ಣು ಮಂಜಾಯಿತು. ಮಗಳ ಸ್ನೇಹಿತರು ಎಂದು ಅಮ್ಮ ಬೀದಿಗೆ ಕೇಳುವಂತೆ ಹೇಳಿ ಎಷ್ಟು ಕಾಲವಾಗಿತ್ತೋ.

ನಡುಮನೆಯಲ್ಲಿ ಎಲೆ ಹಾಕಿದ್ದಾಯಿತು. ಹಿತಕಿದ ಬೇಳೆಯ ಹುಳಿ, ಬಾಳೆಕಾಯಿ ಪಲ್ಯ, ಹೀರೇಕಾಯಿ ಸಿಪ್ಪೆಯ ಚಟ್ನಿ, ಹೆಸರುಬೇಳೆ ಪಾಯಸ. ನಾಲ್ವರೂ ಹಸಿದು ಬಂದಿದ್ದರು. “ಅಮ್ಮಾ, ಇದರಲ್ಲಿ ಈರುಳ್ಳಿ ಇಲ್ಲ ಅಂದ್ರೆ ಯಾರೂ ನಂಬಲ್ಲ” ಎಂದು ಗಿಟಾರಿನವನು ಎರಡು ಸಲ ಹುಳಿ ಹಾಕಿಸಿಕೊಂಡ. ಅಮ್ಮ ಕುರ್ಚಿ ಎಳೆದುಕೊಂಡು ಎದುರಿಗೇ ಕೂತು ಯಾರ ಊರು ಯಾವುದು, ಅಪ್ಪಂದಿರು ಏನು ಮಾಡುತ್ತಾರೆ, ಹುಬ್ಬಿಗೆ ಚುಚ್ಚಿಸುವಾಗ ನೋಯಲಿಲ್ಲವೇ ಎಂದೆಲ್ಲ ವಿಚಾರಿಸಿದಳು. ಮಾನ್ಯ ಬಿದ್ದು ಬಿದ್ದು ನಕ್ಕಳು. ಸಮತಾ ಪಾಯಸದ ಪಾತ್ರೆ ಹಿಡಿದು ಬಡಿಸುತ್ತಿದ್ದಳು. ಮನೆಯಲ್ಲಿ ಇಷ್ಟು ಸದ್ದು ಇದ್ದದ್ದೇ ಇಲ್ಲವೇನೋ ಎನಿಸುತ್ತಿತ್ತು.

“ಅಲ್ಲ ಕಣಪ್ಪ,” ಎಂದಳು ಅಮ್ಮ ಶಶಿಕಿರಣನ ಕಡೆ ತಿರುಗಿ, “ನಮ್ಮ ಸಮತಾ ನಿಮ್ಗೆಲ್ಲ ಎಂಗೆ ಪರಿಚಯ ಆದ್ಲು? ಅವ್ಳು ಏನೂ ಬಾಯಿ ಬಿಡಾಕಿಲ್ಲ.”

ಶಶಿಕಿರಣ್ ತುತ್ತು ನುಂಗಿ, ಮರ್ಯಾದೆಯಿಂದ, ನಗುಮುಖದಲ್ಲೇ ಕೇಳಿದ: “ಸಮತಾ ಅಂದ್ರೆ ನಿಮ್ಮ ಇನ್ನೊಬ್ಬ ಮಗಳಾ ಅಮ್ಮ? ಅವರು ಊರಲ್ಲಿಲ್ವಾ?”

ಸಮತಾ ಅವನ ಎಲೆಯ ಮುಂದೆಯೇ ಬಗ್ಗಿದ್ದಳು. ಸೌಟಿನಿಂದ ಪಾಯಸ ನಿಧಾನಕ್ಕೆ ಎಲೆಗೆ ಇಳಿಯುತ್ತಿತ್ತು. ಅದು ಪೂರ್ತಿ ಇಳಿಯುವವರೆಗೂ ಅವಳು ಹಾಗೇ ಬಗ್ಗಿದ್ದಳು.

ಮಾನ್ಯ ಮೊದಲು ಅರ್ಥಮಾಡಿಕೊಂಡಳು. “ಅಯ್ಯೋ” ಎಂದು ಬಾಯಿಗೆ ಎಡಗೈ ಒತ್ತಿಕೊಂಡಳು. “ಅಕ್ಕಾ, ಸಾರಿ, ನನ್ನ ಫೋನಲ್ಲಿ ಚಪಾತಿ ಅಕ್ಕ ಅಂತಾನೇ ಇದೆ. ನೀವು ಮೆಸೇಜ್ ಮಾಡೋ ಅಕೌಂಟಿಗೂ ‘ಕೇಳುಗಿ’ ಅಂತ ತಾನೇ ಹೆಸರು ಇರೋದು…” ಶಶಿಕಿರಣನ ಮುಖ ಕಿವಿಯವರೆಗೂ ಕೆಂಪಾಯಿತು.

ಅಮ್ಮ ಒಮ್ಮೆ ಮಗಳನ್ನು ನೋಡಿದಳು. ಆಮೇಲೆ ಏನೂ ಆಗಿಲ್ಲವೆಂಬಂತೆ ನಕ್ಕಳು. “ಇವ್ಳೇ ಕಣಪ್ಪ ಸಮತಾ. ಹೆಸ್ರು ಹೇಳ್ಕಳಾಕೆ ಇವ್ಳಿಗೆ ಮೊದ್ಲಿಂದ್ಲೂ ನಾಚ್ಕೆ. ಸ್ಕೂಲಿಗೆ ಸೇರ್ಸಾಕೆ ಓದಾಗ ಮೇಷ್ಟ್ರು ಎಷ್ಟು ಕೇಳುದ್ರೂ ಬಾಯಿ ಬಿಡ್ಲಿಲ್ಲ, ನನ್ನ ಸೆರಗಿಂದೆ ನಿಂತ್ಕಂಬುಟ್ಳು. ನಿಮ್ದೇನೂ ತಪ್ಪಿಲ್ಲ, ಉಣ್ಣಿ. ಹುಳಿ ಆಕ್ಲಾ?”

ಎಲ್ಲರೂ ಹುಳಿ ಹಾಕಿಸಿಕೊಂಡರು. ಬೇಡದಿದ್ದವರೂ ಹಾಕಿಸಿಕೊಂಡರು.

ಹೊರಡುವಾಗ ಶಶಿಕಿರಣ್ ಚಪ್ಪಲಿ ಮೆಟ್ಟುತ್ತ, “ಸಮತಾ ಅಕ್ಕಾ” ಎಂದ. ಆ ಹೆಸರು ಅವನ ಬಾಯಲ್ಲಿ ಹೊಸ ಬಟ್ಟೆಯ ಹಾಗೆ ಬಿಗಿಯಾಗಿತ್ತು. “ವ್ಯಾನಲ್ಲಿ ಜಾಗ ಇದೆ. ನಮ್ಮ ಜೊತೇನೇ ಬನ್ನಿ.”

“ನೀವು ನಡೀರಿ. ಪಾತ್ರೆ ಎಲ್ಲ ಅಂಗೇ ಇವೆ. ನಾನು ಬಸ್ಸಿಗೆ ಬತ್ತೀನಿ.”

“ಖಂಡಿತಾ?”

“ಖಂಡಿತಾ.”

ವ್ಯಾನು ತಿರುವು ದಾಟಿದ ಮೇಲೆ ಅಮ್ಮ ಎಲೆ ಮಡಿಸುತ್ತ ಕೇಳಿದಳು, “ಏಳು ವರ್ಸ ಚಿಕ್ಕಮ್ಮನ ಮನೆ ಅಂತ ಓಯ್ತಿದ್ದದ್ದು ಇವ್ರನ್ನ ನೋಡಾಕಾ?”

“ನೋಡಾಕಲ್ಲಮ್ಮ. ಕೇಳಾಕೆ.”

“ನನ್ಗೊಂದು ಮಾತು ಅಂದಿದ್ರೆ ಬ್ಯಾಡ ಅಂತಿದ್ನಾ?” ಅಮ್ಮ ಮಡಿಸಿದ ಎಲೆಗಳನ್ನು ಎತ್ತಿಕೊಂಡಳು. “ಪಾತ್ರೆ ನಾನು ತೊಳ್ಕತ್ತೀನಿ. ನೀನು ಒಂದಿಷ್ಟು ಉಂಡು ಓಗು. ಒಳ್ಳೇ ಸೀರೆ ಉಟ್ಕ.”

ಸಮತಾ ಉಣ್ಣಲಿಲ್ಲ. ಹಸಿವಿಲ್ಲವೆಂದು ಹೇಳಿ, ಹಸಿರು ಸೀರೆ ಉಟ್ಟು, ನಾಲ್ಕು ಗಂಟೆಗೆ ಬಸ್‌ಸ್ಟ್ಯಾಂಡಿಗೆ ಬಂದಳು. “ಆಸ್ನ ಆಸ್ನ ಆಸ್ನ, ನಾನ್‌ಸ್ಟಾಪ್ ಆಸ್ನ!” ಎಂದು ಕಂಡಕ್ಟರು ಕೂಗುತ್ತಿದ್ದ. ಹತ್ತಿ ಕಿಟಕಿಯ ಪಕ್ಕ ಕೂತಳು.

ಅವರ ಮೇಲೆ ಸಿಟ್ಟು ಬರಲಿ ಎಂದು ಕಾದಳು, ಬರಲಿಲ್ಲ. ಅವರು ಹೆಸರು ಕೇಳಿರಲಿಲ್ಲ, ನಿಜ. ಅವಳೂ ಹೇಳಿರಲಿಲ್ಲ. ಹೇಳದೆ ಇರಬಹುದಾದ ಜಾಗ ಅದೊಂದೇ ಎಂದು ತಾನೇ ಅಲ್ಲಿಗೆ ಹೋಗುತ್ತಿದ್ದದ್ದು? ಲ್ಯಾಬಿನಲ್ಲಿ ಅವಳು ಸಮತಾ ಮೇಡಂ, ಬೀದಿಯಲ್ಲಿ ರಾಜೀಮತಮ್ಮನ ಮದುವೆಯಾಗದ ಮಗಳು. ಆ ಕತ್ತಲ ಸಭಾಂಗಣದಲ್ಲಿ ಮಾತ್ರ ಬರೀ ಎರಡು ಕಿವಿ. ಹಾಗಿದ್ದೂ ಆ ಮೆಟ್ಟಿಲ ಮೇಲೆ ಕೂತವರು ತನ್ನವರು ಎಂದು ಯಾವಾಗಲೋ ನಂಬಿಬಿಟ್ಟಿದ್ದಳು. ಯಾವಾಗ ಎಂದು ಎಷ್ಟು ಹುಡುಕಿದರೂ ಸಿಗಲಿಲ್ಲ.

ಈ ಸಂಜೆ ಶಶಿಕಿರಣ್ ವೇದಿಕೆಯ ಮೇಲಿಂದ ತನ್ನನ್ನು ಹುಡುಕುತ್ತಾನೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಳ್ಳೆಯ ಹುಡುಗ. ಮಧ್ಯಾಹ್ನದ್ದನ್ನು ಸರಿಮಾಡದೆ ಬಿಡುವವನಲ್ಲ. ಹಾಡು ಕೇಳುವುದರ ಬದಲು ಅವನ ಆ ಕಣ್ಣಿಗೆ ಉತ್ತರ ಕೊಡುತ್ತ ನಿಂತಿರಬೇಕು. ‘ಪರವಾಗಿಲ್ಲಪ್ಪ, ಪರವಾಗಿಲ್ಲ’ ಎಂದು ನಗುತ್ತಿರಬೇಕು.

ಡ್ರೈವರು ಹತ್ತಿ ಬಾಗಿಲು ಬಡಿದ. ಸಮತಾ ಎದ್ದಳು.

“ಯಾಕಮ್ಮಾ? ಈಗ್ಲೇ ಬಿಡ್ತೀವಿ” ಎಂದ ಕಂಡಕ್ಟರು.

“ಇಳೀಬೇಕು ಸಾ. ಮನೇಲಿ ಏನೋ ಮರ್ತು ಬಂದೆ.”

ಬಸ್ಸು ಅವಳಿಲ್ಲದೆ ಹೋಯಿತು. ಇಷ್ಟು ಬೇಗ ಮನೆಗೆ ಹೋದರೆ ಅಮ್ಮ ಕೇಳುತ್ತಾಳೆಂದು ಕೆರೆ ಏರಿಯ ಮೇಲೆ ನಡೆದಳು. ನೀರಿನ ಮೇಲೆ ಬಾತುಗಳು ಗುಂಪಾಗಿ ಕೂತಿದ್ದವು. ಏರಿಯ ಕಲ್ಲಿನ ಮೇಲೆ ಅವಳೂ ಕೂತಳು. ವಾಕಿಂಗಿಗೆ ಬಂದವರಲ್ಲಿ ಗುರುತಿನವರು, “ಏನ್ ಮೇಡಂ, ಒಬ್ರೇ?” ಎಂದರು. “ಗಾಳಿಗೆ ಬಂದೆ” ಎಂದಳು. ಹಾಸನದ ಕಡೆ ಆಕಾಶ ಕೆಂಪಾಗಿ, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗಿತು. ಹೊತ್ತು ಮುಳುಗಿತ್ತು, ಇನ್ನು ಊಟದ ಮಾತಿಲ್ಲ. ಬೆಳಿಗ್ಗೆ ಕಾಫಿ ಕುಡಿದದ್ದು ಬಿಟ್ಟರೆ ಏನೂ ತಿಂದಿಲ್ಲವೆಂದು ಆಗ ನೆನಪಾಯಿತು.

ಬಾಗಿಲು ತೆಗೆದ ಅಮ್ಮ ಮಗಳ ಮುಖ ನೋಡಿ, “ಬಸ್ಸು ಸಿಕ್ನಿಲ್ವಾ?” ಎಂದಳು.

“ತಲೆನೋವು ಬಂತು. ಅರ್ಧ ದಾರೀಲಿ ವಾಪಸ್ ಬಂದೆ.”

ನಾನ್‌ಸ್ಟಾಪ್ ಬಸ್ಸಿನಿಂದ ಅರ್ಧ ದಾರಿಯಲ್ಲಿ ಹೇಗೆ ಇಳಿದೆ ಎಂದು ಅಮ್ಮ ಕೇಳಲಿಲ್ಲ. ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಲು ಒಳಗೆ ಹೋದಳು.

ಸಮತಾ ಸೀರೆ ಬದಲಿಸಿ ಮಂಚದ ಮೇಲೆ ಕೂತಿದ್ದಾಗ ಫೋನು ಮಿನುಗಿತು. ಮಾನ್ಯಳ ಕಡೆಯಿಂದ ಒಂದು ವೀಡಿಯೊ. ಕೆಳಗೆ ‘ಅಕ್ಕಾ ಎಲ್ಲಿದೀರಾ??’ ಒತ್ತಿದಳು.

ಬಯಲು ತುಂಬ ಹುಡುಗರು ಹುಡುಗಿಯರು. ವೇದಿಕೆಯ ಮೇಲೆ ಶಶಿಕಿರಣ್ ಮೈಕು ಹಿಡಿದಿದ್ದ. “ಏಳು ವರ್ಷದಿಂದ ನಮ್ಮ ಒಂದೂ ಶೋ ಬಿಡದೆ ಕೇಳಿದೋರು ಒಬ್ರು ಇಲ್ಲೇ ಎಲ್ಲೋ ನಿಂತಿದಾರೆ. ನಿಮ್ಮ ಜಿಲ್ಲೆಯೋರೇ. ಅವರ ಹೆಸರು ನಾನು ಇವತ್ತು ಕಲಿತೆ. ತಡ ಆಯ್ತು, ತಪ್ಪು ನಂದೇ. ಎಲ್ಲರೂ ಒಂದ್ಸಲ ಜೋರಾಗಿ ಕರೀತೀರಾ?” ಅವನು ಹೆಸರು ಹೇಳಿದ. ಬಯಲು ಕೂಗಿತು. ಸಮತಾ! ಸಮತಾ! ಒಬ್ಬೊಬ್ಬರೇ ಮೊಬೈಲಿನ ಬೆಳಕು ಎತ್ತಿ ಹಿಂದೆ ಮುಂದೆ ನೋಡುತ್ತಿದ್ದರು. ಯಾವಳೋ ಹುಡುಗಿ ತಮಾಷೆಗೆ ‘ನಾನೇ, ನಾನೇ’ ಎಂದು ಕೈಯೆತ್ತಿ ಕುಣಿದಳು. ಗೆಳತಿಯರು ಅವಳ ಕೈ ಎಳೆದು ಇಳಿಸಿದರು. ಶಶಿಕಿರಣ್ ಹಣೆಗೆ ಕೈ ಅಡ್ಡ ಹಿಡಿದು ದೂರದ ಕತ್ತಲನ್ನು ನೋಡುತ್ತಲೇ ಇದ್ದ. ವೀಡಿಯೊ ನಿಂತಿತು. ಅವಳು ಇನ್ನೊಮ್ಮೆ ಹಾಕಿದಳು.

“ಸಮತಾ,” ಎಂದಳು ಅಮ್ಮ ಒಳಗಿಂದ, “ಯಾರೋ ನಿನ್ನ ಕೂಗ್ತಾವ್ರೆ ನೋಡೇ.”

ಅವಳು ಫೋನನ್ನು ಮಡಿಲಿಗೆ ಒತ್ತಿಕೊಂಡಳು. “ಯಾರೂ ಇಲ್ಲಮ್ಮ.”

“ನನ್ಗೆ ಚೆನ್ನಾಗಿ ಕೇಳುಸ್ತು ಕಣೇ. ತುಂಬ ಜನ ಇದ್ದಂಗದೆ. ಬಾಗ್ಲು ತೆಗ್ದು ನೋಡು ಓಗು.”

ಸಮತಾ ಎದ್ದು ಹೋಗಿ ಚಿಲಕ ಸರಿಸಿದಳು. ಬೀದಿ ಖಾಲಿಯಿತ್ತು. ಕಾಮಾಕ್ಷಮ್ಮನ ಗೋಡೆಯ ಮೇಲೆ ಬೀದಿದೀಪದ ಬೆಳಕು, ಅದರಲ್ಲಿ ಒಂದೆರಡು ಹುಳ. ಚಳಿ ಒಳಗೆ ಬಂತು. ಅವಳು ಬಾಗಿಲನ್ನು ಪೂರ್ತಿ ತೆಗೆದು, ಬರುವವರಿಗೆ ದಾರಿ ಬಿಡುವಂತೆ ಒಂದು ಪಕ್ಕಕ್ಕೆ ಸರಿದು ನಿಂತಳು.