ಕಲ್ಲಿನ ಬೆನ್ನಿಗೆ ಬಂದವರು

೧

ಎಲ್ಲಿಂದ ಶುರು ಮಾಡಲಿ? ಆ ಬೆಳಿಗ್ಗೆ ಮಂಜು ಬಿದ್ದಿತ್ತು ಎಂದರೆ, ದುಬೈಯಲ್ಲಿ ಮಂಜೇ ಎಂದು ನೀವು ಹುಬ್ಬೇರಿಸುತ್ತೀರಿ. ಬಿದ್ದದ್ದು ಮಾತ್ರ ಹೌದು. ಎರಡು ಸಾವಿರದ ಹದಿನಾಲ್ಕರ ಜನವರಿ. ರಾಸ್ ಅಲ್ ಖೋರಿನ ಗ್ಯಾರೇಜುಗಳೆಲ್ಲ ಒಡೆದ ಹಾಲಿನಂಥ ಬಿಳುಪಿನಲ್ಲಿ ಮುಳುಗಿ, ಒಂದೇ ಒಂದು ಆಕಾರ ಮಾತ್ರ ಹೊರಗೆ ಉಳಿದಿತ್ತು: ಪೂವಪ್ಪನ ಶೆಡ್ಡಿನ ಅಂಗಳದಲ್ಲಿ ನಿಂತ ರೋಮಿನ ವಿಜಯದ ಕಮಾನು.

(ಅದು ಅಲ್ಲಿಗೆ ಹೇಗೆ ಬಂತು? ತಾಳಿ. ಕತೆಯ ನಡುವೆ ಪ್ರಶ್ನೆ ಕೇಳಿದರೆ ನಮ್ಮಜ್ಜಿ ದೀಪ ಸಣ್ಣ ಮಾಡಿಬಿಡುತ್ತಿದ್ದಳು.)

೨

ಅಬುಧಾಬಿಯ ಒಂದು ಮಾಲಿನವರಿಗೆ ಶಾಪಿಂಗ್ ಹಬ್ಬಕ್ಕೆ ಹಾಳು ರೋಮು ಬೇಕಿತ್ತು. ಮುರಿದ ಕಂಬಗಳ ಚೌಕ, ಅದರ ತುದಿಗೆ ಕಮಾನು, ಎಲ್ಲ ಥರ್ಮಕೋಲಿನಲ್ಲಿ. ಬೆಳ್ಮಣ್ಣು ಊರಿನ ಪೂವಪ್ಪನ ಕೆಲಸ ಹೊಸದನ್ನು ಹಳತು ಮಾಡುವುದು: ಬಿರುಕು ಬರೆಯುವುದು, ಹೊಗೆ ಹಿಡಿಸುವುದು, ಇಲ್ಲದ ಮಳೆಯ ಪಾಚಿ ಬೆಳೆಸುವುದು.

ಡಿಸೈನರ್ ಮಾನ್ಯ ಮೈಸೂರಿನವಳು. ರಜೆಯಲ್ಲಿ ರೋಮಿಗೆ ಹೋದವಳು ಅಲ್ಲಿನ ನಿಜವಾದ ಚೌಕದಿಂದ ಹೆಬ್ಬೆರಳಷ್ಟು ಕಲ್ಲೊಂದನ್ನು ಹ್ಯಾಂಡ್‌ಬ್ಯಾಗಿಗೆ ಇಳಿಸಿ ತಂದಿದ್ದಳು. "ಪೂವಪ್ಪಣ್ಣ, ನಂಗೆ ಈ ಕಲರ್ರೇ ಬೇಕು ನೋಡಿ."

ತಪ್ಪು ನಡೆದದ್ದು ಇಲ್ಲಿ. ಯಾವ ಕೆಲಸ ಹಿಡಿಯುವಾಗಲೂ ಪೂವಪ್ಪ ಬ್ರಷ್ಷುಗಳಿಗೆ ಊದುಬತ್ತಿ ತೋರಿಸುವವ. ಅಂದು ಬ್ರಷ್ಷುಗಳ ನಡುವೆ ಕಲ್ಲೂ ಇತ್ತು. ಊರಿನ ರೂಢಿಯಂತೆ ಬಾಯಿ ತಾನಾಗಿ ನುಡಿದುಬಿಟ್ಟಿತು: "ಎಲ್ಲಿಯವರೋ, ಯಾರೋ, ನನಗೆ ಗೊತ್ತಿಲ್ಲ. ಕೆಲಸ ಮುಗಿಯುವವರೆಗೆ ಇಲ್ಲಿ ನಿಂತು ನಮ್ಮನ್ನು ಕಾಯಬೇಕು."

ನಮ್ಮ ಕಡೆ ದೈವಗಳು ಊರು ಬಿಟ್ಟು ಊರಿಗೆ ಬಂದದ್ದೇ ಹಾಗೆ, ಯಾರದೋ ಓಲೆಕೊಡೆಯ ಮೇಲೆ, ಮದುಮಗಳ ಪೆಟ್ಟಿಗೆಯ ಬೆನ್ನಿಗೆ. ಕರೆಯುವ ಬಾಯಿ ಒಂದಿದ್ದರೆ ಆಯಿತು.

೩

ಮಂಜಿನ ಆ ಬೆಳಿಗ್ಗೆ, ಕೊನೆಯ ಬಣ್ಣ ಒಣಗಿತೇ ಎಂದು ನೋಡಲು ಬಂದ ಪೂವಪ್ಪನಿಗೆ ಮರಳಿನ ಮೇಲೆ ಹೆಜ್ಜೆಗಳು ಕಂಡವು. ಬರಿಗಾಲಿನವು. ದೊಡ್ಡವು, ಸಣ್ಣವು, ಒಂದು ಕಾಲೆಳೆದದ್ದು. ಎಲ್ಲವೂ ಕಮಾನಿನ ಅಡಿಗೆ ಹೋಗಿದ್ದವು. ಸುತ್ತಿ ಆಚೆ ಬಂದು ನೋಡಿದ. ಆಚೆ ಮರಳು ಗುಡಿಸಿಟ್ಟಂತೆ ಇತ್ತು.

ಒಳಗಿಂದ ಸಂತೆಯ ಗುಜುಗುಜು. ಅವನು ಕೆಮ್ಮಿದ. ಗುಜುಗುಜು ಫಕ್ಕನೆ ನಿಂತಿತು, ಹೊಸಬ ಬಂದಾಗ ಜಗಲಿಯ ಮಾತು ನಿಲ್ಲುವ ಹಾಗೆ. ಯಾರೂ ಕಾಣಲಿಲ್ಲ. ಆದರೆ ಎಲ್ಲರೂ ತನ್ನ ಕಡೆ ತಿರುಗಿದ್ದು ಅವನಿಗೆ ಗೊತ್ತಾಯಿತು.

೪ (ಇದು ಮೂರನೆಯ ಸಲ ಬರೆದದ್ದು)

ಇಲ್ಲಿ ಪೂವಪ್ಪ ಕಿರುಚಿ ಓಡಬೇಕಿತ್ತು. ಎರಡು ಸಲ ಓಡಿಸಿದೆ. ಎರಡು ಸಲವೂ ವಾಪಸ್ ಬಂದು ನಿಂತ.

"ಓಡುದು ಎಂತಕ್ಕೆ ಮಾರಾಯ್ರೆ? ಕರೆದದ್ದು ನಾನೇ ಅಲ್ವಾ?"

"ಹೆದರಿಕೆ ಇಲ್ಲವೇ ನಿಮಗೆ?" ಎಂದೆ.

"ಉಂಟು. ಅವರದ್ದಲ್ಲ, ನನ್ನ ಮಾತಿನದ್ದು. ಕೆಲಸ ಮುಗಿಯುವವರೆಗೆ ಅಂತ ಹೇಳಿದೆ. ಮುಗೀತು. ನಾಳೆ ಟ್ರೈಲರ್ ಬರ್ತದೆ, ಹಬ್ಬ ಕಳೆದ ಮೇಲೆ ಇದನ್ನು ಪುಡಿ ಮಾಡಿ ಬಿಸಾಡ್ತಾರೆ. ಆಮೇಲೆ ಅವರು ನಿಲ್ಲುದು ಎಲ್ಲಿ? ಮನೆಯಿಂದ ಎಬ್ಬಿಸಿ ಕರ್ಕೊಂಡು ಬಂದು ದಾರಿಯಲ್ಲಿ ಬಿಡುದಾ? ನೀವು ಕತೆ ಬರ್ದು ಕೈ ತೊಳ್ಕೊಳ್ತೀರಿ."

ಕೈ ತೊಳೆದುಕೊಳ್ಳುವ ಬದಲು ನಾನು ಮಾನ್ಯಳನ್ನು ಕರೆಸಿದೆ.

೫

"ಪೂವಪ್ಪಣ್ಣ, ಥರ್ಮಕೋಲ್‌ಗೂ ದೆವ್ವ ಬರತ್ತಾ?" ಮಾನ್ಯ ನಕ್ಕಳು.

"ಥರ್ಮಕೋಲಿಗಲ್ಲ ಮೇಡಂ. ನೀವು ತಂದ ಕಲ್ಲಿನ ಬೆನ್ನಿಗೆ ಬಂದದ್ದು. ಅದು ಊರಿಗೆ ಹೋಗ್ಬೇಕು."

"ಪೆಬಲ್ ಅದು! ನೋಡಿ, ನಾನೇ ಹೋಗಿ ಬರ್ತೀನಿ." ಕಮಾನಿನ ಅಡಿಗೆ ನಡೆದಳು. ಅವಳ ಹೈ ಹೀಲ್ಸಿನ ಸದ್ದು ಒಳಗೆ ಕಲ್ಲುಹಾಸಿನ ಮೇಲೆ ಟಕಟಕ ಎಂದಿತು. (ನೆಲದಲ್ಲಿ ಇದ್ದದ್ದು ಮರಳು.) ಆಚೆ ಬಂದವಳು ಬ್ಯಾಗನ್ನು ಎದೆಗೆ ಒತ್ತಿಕೊಂಡಿದ್ದಳು. ಅದರ ಜಿಪ್ ತೆರೆದಿತ್ತು.

"ಪೂವಪ್ಪಣ್ಣ... ಯಾರೋ ನನ್ನ ಬ್ಯಾಗಲ್ಲಿ ಕೈ ಹಾಕಿ ಹುಡುಕಿದ್ರು."

"ಕದ್ದದ್ದು ಇಟ್ಟದ್ದು ಅಲ್ಲೇ ಅಲ್ವಾ ಮೇಡಂ."

"ಸಾರಿ ಹೇಳಿದ್ರೆ ಸಾಕಾಗಲ್ವಾ?"

ಪೂವಪ್ಪ ಕಲ್ಲನ್ನು ಮೇಜಿನಿಂದ ಎತ್ತಿ ವೀಳ್ಯದೆಲೆಯಲ್ಲಿ ಸುತ್ತಿದ.

೬

ಕೊಂಡುಹೋಗುವವರು ಯಾರು? ಶೆಡ್ಡಿನ ಸ್ಟೋರ್‌ಕೀಪರ್ ಫಿಡೆಲಿಸ್ ಹೆಂಡತಿ ಎಮಿಲಿಯಾಳ ಜೊತೆ ಈಸ್ಟರಿಗೆ ರೋಮಿನ ಯಾತ್ರೆ ಹೊರಡುವವನಿದ್ದ. ಸಂಜೆ ಪೂವಪ್ಪ ಅವರ ಮನೆಗೆ ಹೋದ.

"ಅಲ್ಲ ಪೂವಪ್ಪಣ್ಣ," ಫಿಡೆಲಿಸ್ ಕಣ್ಣರಳಿಸಿದ, "ನಾನು ಹೋಗುದು ಪ್ರಾರ್ಥನೆಗೆ. ನಿಮ್ಮ ಭೂತ ಹೊರ್ಲಿಕ್ಕಾ?"

"ನನ್ನದಲ್ಲ ಪೊರ್ಬುಲೆ. ನಿಮ್ಮ ರೋಮಿನದ್ದೇ." (ನಮ್ಮ ಕಡೆ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವುದು ಪೊರ್ಬುಲು ಎಂದೇ.)

ಒಳಗಿಂದ ಎಮಿಲಿಯಾ ಕೈ ಒರೆಸುತ್ತ ಬಂದಳು. "ಕೊಡಿ ಇಲ್ಲಿ. ಯಾರದ್ದಾದ್ರೂ ಕದ್ದದ್ದು ಕದ್ದದ್ದೇ. ಇವರದ್ದು ಬರೀ ಬಾಯಿ."

ಪೂವಪ್ಪ ಎಲೆಯ ಪೊಟ್ಟಣಕ್ಕೆ ಕೈಮುಗಿದು, "ಕಾದದ್ದಕ್ಕೆ ಉಪಕಾರ. ಇನ್ನು ಈ ಅಮ್ಮನ ಬೆನ್ನಿಗೆ ಊರಿಗೆ ಹೋಗಿ," ಎಂದ.

ಮರುದಿನ ಟ್ರೈಲರಿಗೆ ಏರಿಸಿದವರು, ಕಮಾನು ಮೊದಲು ಎತ್ತಿ ನಿಲ್ಲಿಸಿದಾಗಿಗಿಂತ ಹಗುರ ಎಂದರಂತೆ. (ಥರ್ಮಕೋಲು ಹಗುರವೇ. ಇದನ್ನು ಸಾಕ್ಷಿ ಎನ್ನಬೇಡಿ.)

೭

ಮುಕ್ತಾಯ ಒಂದು: ವಿಮಾನ ನಿಲ್ದಾಣದಲ್ಲಿ ಪೊಟ್ಟಣ ಕಳೆದುಹೋಗುತ್ತದೆ. ಸೋಮಾರಿತನದ್ದು, ಹರಿದೆ.

ಮುಕ್ತಾಯ ಎರಡು: ಮಾಲಿನಲ್ಲಿ ಮಗುವೊಂದು ಕಮಾನಿನ ಅಡಿಗೆ ಓಡುತ್ತದೆ, ಆಚೆ ಬರುವುದಿಲ್ಲ. ಬರೆಯುತ್ತಿದ್ದಂತೆ ಹೆಗಲ ಹಿಂದೆ ಪೂವಪ್ಪನ ಉಸಿರು. "ಅದರ ಅಮ್ಮನಿಗೆ ನೀವು ಎಂತ ಹೇಳ್ತೀರಿ? ಅಳಿಸಿ." ಅಳಿಸಿದೆ.

ಮೂರನೆಯದು ನನ್ನ ಬಳಿ ಇಲ್ಲ. ಬಂದವರೆಲ್ಲ ಹೋದರೇ, ಕಾಲೆಳೆಯುವವ ಒಬ್ಬ ಹಿಂದೆ ಉಳಿದನೇ? ಈ ಪುಟದ ಅಂಚಿನಲ್ಲಿ ಮರಳು ಎಲ್ಲಿಂದ ಬಂತು? ದೇವರು ಬಲ್ಲ. ಕಥೆ ಮುಗಿಸುವ ಕೆಲಸ ನನಗೆ ಒಪ್ಪಿಸಿದ್ದಲ್ಲ. ಎಮಿಲಿಯಾ ಹೇಳಿದಷ್ಟನ್ನು ಇಲ್ಲಿಡುತ್ತೇನೆ.

ರೋಮಿನಲ್ಲಿ ಜಿಟಿಜಿಟಿ ಮಳೆ. ಹಾಳು ಚೌಕದಲ್ಲಿ ಜನ ಕಮಾನಿನ ಫೋಟೋ ತೆಗೆಯುತ್ತಿದ್ದರು. ಅವಳು ಚಪ್ಪಲಿ ಸರಿ ಮಾಡುವವಳಂತೆ ಒಂದು ಮುರಿದ ಕಂಬದ ಮರೆಯಲ್ಲಿ ಬಗ್ಗಿದಳು. ಒಣಗಿದ ಎಲೆ ಬಿಡಿಸಿ, ಕಲ್ಲನ್ನು ಅಂಗೈಯಲ್ಲಿಟ್ಟು, ಕೈಯನ್ನು ನೆಲದ ಕಡೆ ವಾಲಿಸಿದಳು.

ಕಲ್ಲು ಕೈ ಬಿಟ್ಟಿತು. ಬಿದ್ದ ಸದ್ದು ಬರಲಿಲ್ಲ, ಕೆಳಗೆ ಯಾರೋ ಅಂಗೈ ಒಡ್ಡಿದ್ದ ಹಾಗೆ.